ದಾಪಾ ಬಿಗಿ ಮಾಡಿದ ಕೇಬಲ್ಲು

ಕುಮಾಸಿ ಪಟ್ಟಣದ ಸುವಾಮೆಯ ಗ್ಯಾರೇಜು ಸಾಲಿನಲ್ಲಿ ಕ್ವಾಕು ದಾಪಾ ಎಲ್ಲಿ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಕೇಬಲ್ ಮೇಸ್ತ್ರಿ ಎನ್ನಬೇಕು, ಆಗ ಹತ್ತು ಕೈ ಒಂದೇ ದಿಕ್ಕಿಗೆ ಚಾಚುತ್ತವೆ. ಹಳೆಯ ಆಟೋಮ್ಯಾಟಿಕ್ ಗಾಡಿಗಳಲ್ಲಿ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ತೆಳ್ಳನೆಯ ಕಿಕ್‌ಡೌನ್ ಕೇಬಲ್ಲೊಂದು ಇರುತ್ತದೆ. ಡ್ರೈವರು ಎಷ್ಟು ಒತ್ತಿದ ಎಂಬ ಸುದ್ದಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವುದು ಅದರ ಕೆಲಸ. ಪೆಡಲನ್ನು ಪೂರ್ತಿ ಒತ್ತಿದಾಗ ಕೇಬಲ್ಲಿಗೆ ಕಚ್ಚಿಸಿದ ಮಣಿಗೂ ಅದು ಹಾದುಹೋಗುವ ಕೊಳವೆಯ ಬಾಯಿಗೂ ನಡುವೆ ಉಗುರಿನ ದಪ್ಪದ ಸಂದು ಇರಬೇಕು. ಬೇರೆಯವರು ಅಳತೆಪಟ್ಟಿ ಹುಡುಕುತ್ತಾರೆ. ದಾಪಾ ಎಡಗೈ ಹೆಬ್ಬೆರಳಿನ ಉಗುರು ತೂರಿಸಿ, ಎರಡು ನಟ್ಟು ಬಿಗಿದು, ಹೋಗು ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಅವನನ್ನು ಈ ಕೆಲಸಕ್ಕೆ ಹಚ್ಚಿದವಳು ತಾಯಿ ಆಫಿಯಾ ಬ್ರಾಗೊ. ಹದಿನಾಲ್ಕನೇ ವಯಸ್ಸಿಗೆ ಅವನನ್ನು ಗುಡ್ಡದ ಮೇಲಿನ ತಮ್ಮೂರು ಮಾಂಪೋಂಗಿನಿಂದ ಕರೆತಂದು, ಸಂಪ್ರದಾಯದಂತೆ ಗುರುವಿನ ಮುಂದೆ ಶ್ನಾಪ್ಸ್ ಎಂಬ ಮದ್ಯದ ಬಾಟಲಿ ಇಟ್ಟು, ಇವನ ಕೈ ನಿಮ್ಮದು, ಹೊಟ್ಟೆ ನನ್ನದು ಎಂದಳಂತೆ. ಹೇಳಿ ಸುಮ್ಮನಾಗಲಿಲ್ಲ ಮಹಾತಾಯಿ. ಕುಮಾಸಿಯಲ್ಲೇ ಒಂದು ಕೋಣೆ ಹಿಡಿದು, ನಾಲ್ಕು ವರ್ಷ ದಿನಾ ಮಧ್ಯಾಹ್ನ ಬೇಯಿಸಿದ ಗೆಡ್ಡೆ, ಕೊಂತೊಮಿರೆ ಸೊಪ್ಪಿನ ಸಾರು ಹೊತ್ತುಕೊಂಡು ಗ್ಯಾರೇಜಿಗೆ ಬಂದಳು.

ದಾಪಾನಿಗೆ ಜಗತ್ತಿನಲ್ಲಿ ಆಗದವನೆಂದರೆ ಒಬ್ಬನೇ, ಶವದ ವ್ಯಾನಿನ ಡ್ರೈವರು ಅಪೆಂಟೆಂಗ್. ಈ ಶವದ ವ್ಯಾನಿನವರಿಗೆ ಯಾರು ಹೇಳಿಕೊಟ್ಟರೋ ಕಾಣೆ, ಸತ್ತವರಿಗೆ ಗೇರು ಬದಲಾಗುವಾಗಿನ ಏಟು ತಾಗಬಾರದು ಎಂದು ಕೇಬಲ್ಲನ್ನು ಸಡಿಲ ಮಾಡಿಟ್ಟುಕೊಳ್ಳುತ್ತಾರೆ. ಆಗ ಗೇರು ಬೆಣ್ಣೆಯಂತೆ ಬದಲಾಗುತ್ತದೆ, ನಿಜ. ಆದರೆ ಒಳಗೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಜಾರಿ ಸುಟ್ಟುಹೋಗುತ್ತವೆ. ದಾಪಾ ಬಿಗಿ ಮಾಡಿ ಕಳಿಸುವುದು, ರಸ್ತೆ ತಿರುವಿನಲ್ಲೇ ಅಪೆಂಟೆಂಗ್ ಬಾನೆಟ್ ಎತ್ತಿ ಸಡಿಲಿಸುವುದು, ಹೀಗೆ ಹದಿನೈದು ವರ್ಷ ನಡೆದಿತ್ತು. ಗೇರ್‌ಬಾಕ್ಸು ಸುಟ್ಟುಹೋದಾಗಲೆಲ್ಲ ಅಪೆಂಟೆಂಗನ ಲೆಕ್ಕದಲ್ಲಿ ತಪ್ಪು ಗೇರ್‌ಬಾಕ್ಸಿನದು. ಕುಣಿಯಲಾರದವಳಿಗೆ ನೆಲ ಯಾವಾಗಲೂ ಡೊಂಕೇ.

ಆಫಿಯಾ ಬ್ರಾಗೊ ಎಂಬತ್ತೊಂಬತ್ತಕ್ಕೆ ತೀರಿಕೊಂಡಳು. ದೂರದ ನೆಂಟರೆಲ್ಲ ಬರಲೆಂದು ವಾಡಿಕೆಯಂತೆ ಐದು ವಾರ ಶವಾಗಾರದಲ್ಲಿಟ್ಟು, ಒಂದು ಶನಿವಾರ ಮಾಂಪೋಂಗಿನಲ್ಲಿ ಮಣ್ಣು ಮಾಡುವುದೆಂದು ನಿಶ್ಚಯವಾಯಿತು. ಕುಲದ ಹಿರಿಯರು ದಾಪಾನನ್ನು ಒಂದು ಮಾತೂ ಕೇಳದೆ ಅಪೆಂಟೆಂಗನ ವ್ಯಾನಿಗೆ ಹೇಳಿಬಿಟ್ಟಿದ್ದರು. ಅವರ ಮಾತಿಗೆ ಎದುರಾಡುವಂತಿಲ್ಲ.

ಶುಕ್ರವಾರ ಮಧ್ಯಾಹ್ನ ದಾಪಾ ತಾನೇ ಹೋಗಿ ಬಾನೆಟ್ ಎತ್ತಿದ. ಗೇರ್ ಎಣ್ಣೆ ಸೀದ ಕಡಲೆಕಾಯಿಯಂತೆ ನಾರುತ್ತಿತ್ತು. ಕೇಬಲ್ಲು ಹಳೇ ಚಡ್ಡಿಯ ಎಲಾಸ್ಟಿಕ್ಕಿನಂತೆ ಜೋತು ಬಿದ್ದಿತ್ತು. ಹೀಗೇ ಬಿಟ್ಟರೆ ಮಾಂಪೋಂಗ್ ಏರಿನ ಅರ್ಧಕ್ಕೆ ವ್ಯಾನು ನಿಲ್ಲುತ್ತದೆ, ಹಿಂದೆ ನಾಲ್ಕು ಬಸ್ಸು ನೆಂಟರು, ನಡುರಸ್ತೆಯ ಬಿಸಿಲಲ್ಲಿ ಅಮ್ಮ. ದಾಪಾ ಸ್ಪ್ಯಾನರ್ ತೆಗೆದ.

"ಬಿಗಿ ಮಾಡಿದ್ರೆ ಏಟು ಬೀಳೋದು ನಿಮ್ಮಮ್ಮಂಗೇ ಕಣಯ್ಯಾ," ಎಂದ ಅಪೆಂಟೆಂಗ್. "ನನ್ ವ್ಯಾನಲ್ಲಿ ಇವತ್ತಿನವರೆಗೂ ಒಬ್ರೂ ಅಲ್ಲಾಡಿಲ್ಲ."

"ನನ್ನಮ್ಮ. ನಾನ್ ನೋಡ್ಕೋತೀನಿ. ನೀನು ಇದನ್ನ ಮುಟ್ಟಿದ್ರೆ ನೋಡು."

ಅಪೆಂಟೆಂಗ್ ಮುಟ್ಟಲಿಲ್ಲ. ಆದರೂ ಶನಿವಾರ ಬೆಳಿಗ್ಗೆ ಕಪ್ಪು ಬಟ್ಟೆ ಹೊದ್ದ ದಾಪಾ ಶವಾಗಾರದ ಬಾಗಿಲಲ್ಲೇ ಇನ್ನೊಮ್ಮೆ ಉಗುರು ಹಾಕಿ ನೋಡಿದ. ನೆಂಟರ ಬಸ್ಸು ಹತ್ತದೆ ಡ್ರೈವರಿನ ಪಕ್ಕ ಕುಳಿತ. ಹಿಂದೆ ಪೆಟ್ಟಿಗೆ, ನಡುವೆ ಗೋಡೆಯಿಲ್ಲ.

ಬಯಲಿನಲ್ಲಿ ವ್ಯಾನು ಚೆನ್ನಾಗೇ ಓಡಿತು. ಏರು ಶುರುವಾದದ್ದೇ ತಡ, ಅಪೆಂಟೆಂಗನ ಹಳೇ ಚಾಳಿ ಎದ್ದಿತು. ಪೆಡಲನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತುತ್ತಿದ್ದ. ಪೂರ್ತಿ ಒತ್ತದೆ ಗೇರು ಕೆಳಗಿಳಿಯುವುದು ಹೇಗೆ? ವೇಗ ಇಳಿಯಿತು, ಇಂಜಿನ್ನು ನರಳಿತು, ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅಪೆಂಟೆಂಗನ ಹಣೆ ಬೆವರುತ್ತಿತ್ತು. ಅವನಿಗೂ ಅದು ಸುಮ್ಮನೆ ಹಠವಲ್ಲ, ಪಾಪ. ಹದಿನೈದು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ.

"ಒತ್ತು," ಎಂದ ದಾಪಾ.

"ಆಗಲ್ಲ ಮೇಸ್ತ್ರಿ. ಹಿಂದೆ ಅಮ್ಮ ಇದಾರೆ."

"ಅದಕ್ಕೇ ಹೇಳ್ತಿರೋದು. ಮನೆ ಮುಟ್ಟಿಸ್ಬೇಕು ಅವಳನ್ನ. ನೆಲಕ್ಕೆ ತಾಗೋ ಹಾಗೆ ಒತ್ತು."

ಅಪೆಂಟೆಂಗ್ ಕಣ್ಣು ಕಿರಿದು ಮಾಡಿ ಒತ್ತಿಬಿಟ್ಟ. ಗೇರು ಧಡಕ್ಕನೆ ಕೆಳಗಿಳಿಯಿತು. ವ್ಯಾನು ಒಮ್ಮೆ ಜಗ್ಗಿ ಮುಂದಕ್ಕೆ ಹಾರಿತು. ಹಿಂದೆ ಪೆಟ್ಟಿಗೆ ಸರಿದು ಹಲಗೆಗೆ ಬಡಿದ ಸದ್ದು ಇಬ್ಬರಿಗೂ ಕೇಳಿಸಿತು. ಮರುಕ್ಷಣವೇ ಇಂಜಿನ್ನು ಮೈತುಂಬಿ ಕೂಗುತ್ತ ಏರನ್ನು ಹತ್ತತೊಡಗಿತು.

ದಾಪಾ ಹಿಂದಕ್ಕೆ ತಿರುಗಿ, ಕೈ ಚಾಚಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

"ಪೆಟ್ಟಾಯ್ತೇನಮ್ಮಾ?"

ಐದು ವಾರದಲ್ಲಿ ಅವನು ಅವಳನ್ನು ಮಾತಾಡಿಸಿದ್ದು ಅದೇ ಮೊದಲು. ಇಷ್ಟು ದಿನ ಪೆಟ್ಟಿಗೆ, ಪೆಂಡಾಲು, ಬಸ್ಸು, ಊಟ ಎಂದು ಓಡಾಡಿದ್ದೇ ಆಗಿತ್ತು. ಕೇಳಿದ ಮೇಲೆ ಉತ್ತರ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು.

ಅಪೆಂಟೆಂಗ್ ರಸ್ತೆಯಿಂದ ಕಣ್ಣು ತೆಗೆಯದೆ, ಕಾಲೂ ತೆಗೆಯದೆ ಹೇಳಿದ: "ಏನೂ ಆಗಿಲ್ವಂತೆ ಮೇಸ್ತ್ರಿ. ಇನ್ನೂ ಒತ್ತು ಅಂತಿದಾರೆ."

ಅರವತ್ತು ದಾಟಿದ ಕೇಬಲ್ ಮೇಸ್ತ್ರಿ ಆಗ ಬಿಕ್ಕಿ ಬಿಕ್ಕಿ ಅತ್ತ. ಏರು ಮುಗಿಯುವವರೆಗೂ ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ.