ಮೊದಲು ಜಾಗ ಹೇಳ್ರಿ

ಎಲ್ಲಮ್ಮ ತಾಯಿಯ ಭಕ್ತರೆಲ್ಲರಿಗೂ ಸಂಗೊಳ್ಳಿಯ ಮಗಳೊಬ್ಬಳ ಶರಣು. ತುರ್ತು ಕರೆ ತೆಗೆದುಕೊಂಡು ಆಂಬುಲೆನ್ಸ್ ಕಳಿಸುವ ಕೆಲಸದ ತರಬೇತಿಯಲ್ಲಿ ನಾನು ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲವೂ ಹೋದರೆ ಸರ್ಟಿಫಿಕೇಟೂ ಇಲ್ಲ, ಕೆಲಸವೂ ಇಲ್ಲ.

ಎರಡೂ ಸಲ ಒಂದೇ ತಪ್ಪು. ಕರೆ ಬಂದ ಕೂಡಲೇ ಜಾಗ ಕೇಳಬೇಕು, ಉಳಿದದ್ದು ಆಮೇಲೆ, ಅದು ನಿಯಮ. ಅಳುವವರನ್ನು ನಮ್ಮ ಕಡೆ ಹಾಗೆ ಕೇಳುವುದುಂಟೇ? "ಅಳಬ್ಯಾಡ ನಮ್ಮವ್ವಾ, ನೀ ಯಾರ ಪೈಕಿ? ಮನ್ಯಾಗ ಯಾರ್ಯಾರ ಅದೀರಿ?" ಎಂದೇ ನನ್ನ ಬಾಯಿ ಶುರುವಾಗುತ್ತಿತ್ತು. ತರಬೇತಿಯ ಮೇಡಂ ಗಡಿಯಾರ ತೋರಿಸಿ, "ನೀ ಏನ್ ಬೀಗರನ್ನ ಮಾತಾಡಸಾಕ ಕುಂತಿಯೇನ? ಗಾಡಿ ಎಲ್ಲಿಗೆ ಕಳಸೂಣು?" ಎಂದರು. ಎಂಥ ಕಲ್ಲುಮನಸ್ಸಿನ ಹೆಂಗಸು ಎಂದು ಬೈದುಕೊಂಡು ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಅತ್ತುಬಿಟ್ಟೆ.

ಮೂರನೆಯ ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಮಂಗಳವಾರ, ಎಲ್ಲಮ್ಮನ ಗುಡ್ಡಕ್ಕೆಂದು ಅವ್ವನೊಂದಿಗೆ ಸವದತ್ತಿ ಬಸ್ಸು ಹತ್ತಿದೆ. ಅವ್ವನಿಗೆ ಶುಗರ್. ಮುಂಜಾನೆ ಗುಳಿಗೆ ನುಂಗಿದವಳು, ನಾನು ಪಾಸಾಗಲೆಂದು ಉಪವಾಸ ಹಿಡಿದದ್ದನ್ನು ಹೇಳಿರಲೇ ಇಲ್ಲ. ಗುಡ್ಡದ ಮೇಲೆ ದರ್ಶನಕ್ಕೆ ಪಾಳಿ ಹಚ್ಚಿ ಸಾಲಿನಲ್ಲಿ ನಿಂತಿದ್ದಾಗ ಬೆವರಿ, "ನಿನ್ನ ಸಲುವಾಗಿ ಉಪವಾಸ ಅದೀನವ್ವಾ" ಎಂದವಳೇ ಎಚ್ಚರ ತಪ್ಪಿ ಕುಸಿದುಬಿದ್ದಳು.

ಆಂಬುಲೆನ್ಸಿಗೆ ಫೋನ್ ಹಚ್ಚಿದೆ. "ನಮ್ಮವ್ವರಿ, ಎಚ್ಚರ ಇಲ್ರಿ, ಶುಗರ್ ಐತ್ರಿ, ಒಂದ್ ತುತ್ತೂ ತಿಂದಿಲ್ರಿ, ನಮ್ಮಪ್ಪ ಊರಾಗ ಅದಾನ, ಎಲ್ಲಾ ನಂದ ತಪ್ಪರಿ..."

"ಅಕ್ಕಾರ," ಆ ಕಡೆಯ ಹುಡುಗಿ ತಡೆದಳು. "ಮೊದಲ ಜಾಗಾ ಹೇಳ್ರಿ. ಎಲ್ಲಿದ್ದೀರಿ?"

ಅಯ್ಯೋ ನನ್ನ ತಾಯೇ! ನಿಯಮವನ್ನು ಬಾಯಿಪಾಠ ಮಾಡಿದ ನಾನೇ ಜಾಗ ಹೇಳಿರಲಿಲ್ಲ. ಅವಳು ಗಟ್ಟಿಯಾಗಿ ಕೇಳಿದ್ದಕ್ಕೇ ನನ್ನ ಗಾಬರಿ ಇಳಿಯಿತು. "ಎಲ್ಲಮ್ಮನ ಗುಡ್ಡರಿ. ದರ್ಶನದ ಪಾಳ್ಯಾಗ, ಕಾಯಿ ಅಂಗಡಿ ಎದುರಿಗೆ."

"ಗಾಡಿ ಬರಾಕತ್ತೈತ್ರಿ. ಉಸಿರಾಡಾಕತ್ತಾರೇನ್ರಿ? ಒಂದ್ ಮಗ್ಗಲಾ ಮಾಡಿ ಮಲಗಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ."

ಯಾರೋ ಪುಣ್ಯಾತ್ಮರು ಅವ್ವನ ಬಾಯಿಗೆ ನೀರು ಬಿಡಲು ಬಂದಿದ್ದರು. ಕೈ ಹಿಡಿದು ತಡೆದೆ. ಗಾಡಿ ಬರುವವರೆಗೂ ಆ ಹುಡುಗಿ ಫೋನ್ ಇಡಲಿಲ್ಲ.

ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದರು. ಅವ್ವ ಕಣ್ಣು ತೆರೆದವಳೇ, "ತಾಯಿ ಉಡಿ ತುಂಬಿದೇನ?" ಅಂದಳು. "ನಿನ್ನ ಉಪವಾಸಕ್ಕ ಬೆಂಕಿ ಹತ್ತಲಿ!" ಎಂದು ಬೈದು ತಬ್ಬಿಕೊಂಡೆ.

ಪರೀಕ್ಷೆಯ ದಿನ ಹೆಡ್‌ಫೋನಿನಲ್ಲಿ ಒಬ್ಬಳು ಅಳುತ್ತಿದ್ದಳು. ನಟನೆ ಎಂದು ಗೊತ್ತಿದ್ದರೂ ನನಗೆ ಗುಡ್ಡದ ಮೇಲಿನ ನನ್ನದೇ ದನಿ ಕೇಳಿಸಿತು. "ಅಕ್ಕಾರ, ಮೊದಲ ಜಾಗಾ ಹೇಳ್ರಿ" ಎಂದೆ. ಈ ಸಲ ಮೇಡಂ ಗಡಿಯಾರ ತೋರಿಸಲಿಲ್ಲ. ಪಾಸಾದೆ.

ಅವ್ವ ಕುಸಿದ ದಿನ ದರ್ಶನವೂ ಆಗದೆ ಗುಡ್ಡ ಇಳಿದಿದ್ದೆ. ಬೇಡುವ ಮೊದಲೇ ತಾಯಿ ಪಾಳಿಯಲ್ಲೇ ಕಲಿಸಿ ಕಳಿಸಿದ್ದಳು. ಮುಂದಿನ ಮಂಗಳವಾರ ಅವ್ವನಿಗೆ ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿಯೇ ಕರೆದೊಯ್ದು, ತಾಯಿಗೆ ಸೀರೆ, ಕಣ, ಅಕ್ಕಿ, ಕಾಯಿ ಅರ್ಪಿಸಿ ಉಡಿ ತುಂಬಿ ಬಂದೆವು.

ಆ ಹುಡುಗಿಯ ಹೆಸರು ಇಂದಿಗೂ ಗೊತ್ತಿಲ್ಲ. ಡ್ಯೂಟಿಗೆ ಕೂರುವ ಮುನ್ನ ತಾಯಿಗೆ ಉಧೋ ಎಂದು ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಳ್ಳುವಾಗ, ಅವಳ ಹೆಸರಿನಲ್ಲೂ ಒಂದು ಬೊಟ್ಟು ಹಚ್ಚಿಕೊಳ್ಳುತ್ತೇನೆ.