ಗೋಡೆಯ ಮೇಲೆ ಅಮ್ಮನ ಹೆಸರು

ಮೈದಾ ಗೋಂದು ಕುದಿಯುವ ವಾಸನೆ ನಿಮಗೂ ಗೊತ್ತಿರಬಹುದು. ಅದಕ್ಕೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬಿದ್ದರಂತೂ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಇವತ್ತು ಬೆಳಿಗ್ಗೆ ಒಲೆಯ ಮುಂದೆ ಅದನ್ನು ಕಲಕುತ್ತ ನಿಂತಾಗ ನನ್ನ ಮೊದಲ ಪೋಸ್ಟರ್ ನೆನಪಾಯಿತು.

ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದರು. ಅಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬೀಸುವ ಪದ ಹಾಡಲು ಅಮ್ಮ ಒಪ್ಪಿಬಿಟ್ಟಿದ್ದಳು. ಅಪ್ಪನಿಗೆ ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲೇ "ಹಾಡೋದೆಲ್ಲ ಮನೆಯೊಳ್ಗೆ" ಎಂದಿದ್ದವರು ಅವರು.

ಪೋಸ್ಟರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆಗಷ್ಟೇ ಚಿತ್ರಕಲೆ ಕಲಿಯುತ್ತಿದ್ದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೀಸುಕಲ್ಲು ಬರೆದು ಅದರ ಅಂಚಿಗೆ ಗಿಯರಿನ ಹಲ್ಲು ಕೊಟ್ಟೆ. ಅಮ್ಮನ ಹಾಡು, ಅಪ್ಪನ ಮಿಷನ್ನು ಎರಡೂ ಒಟ್ಟಿಗೆ ತಿರುಗಲಿ ಎಂಬ ಮಹಾ ಆಲೋಚನೆ! ಗೆಳತಿ ನೋಡಿ, "ಗ್ರೈಂಡರ್ ಜಾಹೀರಾತೇನೇ?" ಅಂದಳು.

"ಗಾಯನ, ಶ್ರೀಮತಿ ರಂಗಸ್ವಾಮಿ ಅಂತ ಹಾಕಮ್ಮ, ಸಾಕು" ಎಂದಿದ್ದರು ಸಂಘದ ಕಾರ್ಯದರ್ಶಿ. ಅಲ್ಲಿ ಹೆಂಗಸರೆಲ್ಲ ಗಂಡಂದಿರ ಹೆಸರಿನಲ್ಲೇ ಹಾಡುತ್ತಿದ್ದರು. ನಾನು 'ಸುಶೀಲ' ಎಂದು ಬರೆದೆ. ಅಮ್ಮ ಆ ಅಕ್ಷರಗಳನ್ನು ಬೆರಳಿನಿಂದ ಸವರಿದಳು, ಬೇಡ ಅನ್ನಲಿಲ್ಲ. ಮರುದಿನ ಅದು ಕಾರ್ಖಾನೆಗೆ ಹೋದ ಮೇಲೆ ಮಾತ್ರ ನಿಂತಲ್ಲಿ ನಿಲ್ಲಲಾರದೆ, "ಕಿತ್ತು ಹಾಕಿಸ್ಬಿಡೇ, ನಿಮ್ಮಪ್ಪ ನೋಡ್ತಾರೆ ಕಣೇ" ಎಂದು ಗೋಳಾಡಿದಳು.

ಸಂಜೆ ಅಪ್ಪ ಬಂದಾಗ ಕಂಕುಳಲ್ಲಿ ಒಂದು ಸುರುಳಿಯಿತ್ತು. ಕ್ಯಾಂಟೀನಿನ ಗೋಡೆಯಿಂದ ಕಿತ್ತು ತಂದಿದ್ದರು. ಗೋಂದು ಇನ್ನೂ ಹಸಿಯಾಗಿತ್ತು, ಒಂದು ಮೂಲೆ ಗೋಡೆಯಲ್ಲೇ ಉಳಿದಿತ್ತು. ಅದನ್ನು ನೆಲದ ಮೇಲೆ ಹರಡಿದರು.

"ಏನಿದು? ನನ್ ಹೆಸ್ರೆಲ್ಲಿ?"

ಅದು ನನ್ನ ಕೆಲಸ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಕಾಫಿ ಲೋಟವನ್ನು ಅವರ ಮುಂದಿಟ್ಟಳು.

"ಹಾಡೋದು ನಾನು ತಾನೇ?" ಅಂದಳು.

ಅಪ್ಪ ಕಾಫಿಯನ್ನು ಮುಟ್ಟಲಿಲ್ಲ. ಕಾರ್ಯಕ್ರಮಕ್ಕೂ ಬರಲಿಲ್ಲ. ಅಮ್ಮನ ಗಂಟಲು ಮೊದಲ ಸಾಲಿಗೆ ಒಡೆಯಿತು, ಮುಂದಿನ ಪದಕ್ಕೆ ಸರಿಹೋಯಿತು. ನನಗೆ ಅಪ್ಪನ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಈಗ ಅಮ್ಮನದೇ ಒಂದು ತಂಡವಿದೆ. ನಾಳೆ ನಮ್ಮ ಬಡಾವಣೆಯಲ್ಲೇ ಹಾಡು. ಪೋಸ್ಟರಿನಲ್ಲಿ ಎಲ್ಲ ಹೆಂಗಸರ ಹೆಸರೂ ಇದೆ, ಅವರವರದೇ ಹೆಸರು. ನಿವೃತ್ತರಾದ ಅಪ್ಪ ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅಮ್ಮ ಅಡುಗೆಮನೆಗೆ ಬಂದು ಗೋಂದಿನ ಪಾತ್ರೆಯೊಳಗೆ ಇಣುಕಿ, ನಡುಮನೆಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು:

"ಇನ್ನೊಂದ್ ಸ್ವಲ್ಪ ಗಟ್ಟಿ ಮಾಡೇ. ಈ ಸಲ ಯಾರು ಕಿತ್ರೂ ಬರ್ಬಾರ್ದು."

ನಡುಮನೆಯಲ್ಲಿ ಪೇಪರ್ ಇನ್ನಷ್ಟು ಮೇಲಕ್ಕೇರಿ ಅಪ್ಪನ ಮುಖ ಮುಚ್ಚಿತು. ನಾನು ಇನ್ನೊಂದು ಹಿಡಿ ಮೈದಾ ಕದಡಿ ಸುರಿದೆ.