ಮೊದಲ ಹುಡುಕಾಟ ದೇವರಿಗೆ

‘ಸೊನ್ನಿ ಸೆಕೆಂಡ್ ಅದರೀ ಬಾಯಾರ. ಇದಕ್ಕಿಂತ ಲಗು ಇನ್ನೇನು ಬೇಕ್ರಿ?’

ಹೋದ ವಾರ ಸೇಡಂನ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ವೀರಯ್ಯ ನನಗೆ ಹೀಗೆ ಸವಾಲು ಹಾಕಿದರು. ಹಳೇ ಪೇಷಂಟುಗಳ ದಾಖಲೆಯೆಲ್ಲ ಅಲ್ಲೀಗ ಕಂಪ್ಯೂಟರಿನಲ್ಲಿದೆ. ಅದು ಒಮ್ಮೊಮ್ಮೆ ಎಮ್ಮೆಯಂತೆ ಮಲಗಿಬಿಡುತ್ತದೆಂದು ಡಾಕ್ಟರು ನನ್ನನ್ನು ಕರೆಸಿದ್ದರು. (ಊರಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟವಳಿಗೆ ಫ್ಯಾನು ಕೆಟ್ಟರೂ ಕರೆ ಬರುತ್ತದೆ.)

ಕಪ್ಪು ಸ್ಕ್ರೀನಿನಲ್ಲಿ ಹೆಸರು ಹಾಕಿ ಎಂಟರ್ ಒತ್ತಿದರೆ ದಾಖಲೆ ಬರುತ್ತದೆ. ಕೆಳಗೆ, ಹುಡುಕಲು ಎಷ್ಟು ಸೆಕೆಂಡು ಹಿಡಿಯಿತೆಂಬ ಲೆಕ್ಕ. ವೀರಯ್ಯ ತೋರಿಸಿದ್ದು 0.00. ಹಾಗೆಂದರೆ ಹೊತ್ತೇ ಹಿಡಿಯಲಿಲ್ಲ ಅಂತಲ್ಲ, ತೋರಿಸಲಾರದಷ್ಟು ಕಡಿಮೆ ಅಂತ. ಅದಿರಲಿ, ಸೊನ್ನೆ ಕಂಡರೆ ಯಾರಿಗೆ ಖುಷಿಯಾಗದು?

ಅಷ್ಟರಲ್ಲಿ ಕುಂಚಾವರಂ ಕಡೆಯ ಹೆಣ್ಣುಮಗಳೊಬ್ಬಳು ಕೂಸನ್ನು ಅವಚಿಕೊಂಡು ಬಂದಳು. ಕೂಸಿನ ಮೈ ಕೆಂಡ. ಹಿಂದೊಮ್ಮೆ ಇಲ್ಲೇ ಒಂದು ಇಂಜೆಕ್ಷನ್ ಕೊಟ್ಟಾಗ ಮುಖವೆಲ್ಲ ಬಾತು, ಉಸಿರು ಸಿಕ್ಕಿಕೊಂಡಿತ್ತಂತೆ. ಯಾವ ಔಷಧಿ? ಪಾಪ, ಅವಳಿಗೆ ಹೇಗೆ ಗೊತ್ತಿರಬೇಕು? ಹೆಸರು ತಿಳಿಯುವವರೆಗೂ ಸೂಜಿ ಮುಟ್ಟುವುದಿಲ್ಲ ಎಂದರು ಡಾಕ್ಟರು.

ವೀರಯ್ಯ ಕೂಸಿನ ಹೆಸರು ಹಾಕಿ ಎಂಟರ್ ಒತ್ತಿದರು. ಕರ್ಸರ್ ಕಣ್ಣು ಮಿಟುಕಿಸಿತು. ಮಿಟುಕಿಸುತ್ತಲೇ ಇತ್ತು. ಅಳುತ್ತಿದ್ದ ಕೂಸು ಸುಮ್ಮನಾಯಿತು. ಕಂಪ್ಯೂಟರಿನಿಂದಲೇ ಅನ್ನ ಉಣ್ಣುವವಳು ನಾನು, ಆ ಡಬ್ಬಿಯನ್ನು ಒದೆಯಬೇಕೆನಿಸಿತು.

ಕೊನೆಗೂ ಬಂತು. ಕೆಳಗೆ 41.37 ಸೆಕೆಂಡ್. ಔಷಧಿಯ ಹೆಸರು ಓದಿದ ಡಾಕ್ಟರು, ತೆಗೆದಿಟ್ಟಿದ್ದ ಬಾಟಲಿಯನ್ನು ತಿರುಗಿ ಕಪಾಟಿಗೆ ಸೇರಿಸಿ ಬೇರೆಯದನ್ನು ತೆಗೆದುಕೊಂಡರು.

ವೀರಯ್ಯನವರಿಗೆ ಮಾನದ ಪ್ರಶ್ನೆ. ಅದೇ ಹೆಸರನ್ನು ಮತ್ತೆ ಹಾಕಿದರು. 0.00. ‘ನೋಡ್ರಿ ಮತ್ತ’ ಎಂದು ನನ್ನ ಕಡೆ ತಿರುಗಿದರು.

ಆ ತಾಯಿ ಸ್ಕ್ರೀನ್ ನೋಡಿ ಮೆಲ್ಲಗೆ ಅಂದಳು: ‘ಈಗ್ಯಾಕ ಇಷ್ಟು ಲಗು ಹೇಳ್ತದರೀ ಅಕ್ಕಾರ? ನಾ ಕೇಳ್ದಾಗ ಯಾಕ ಸುಮ್ಮ ಇತ್ತು?’

ಎರಡನೆಯ ಸಲ ಅದು ಹುಡುಕುವುದೇ ಇಲ್ಲವ್ವಾ, ಆಗಷ್ಟೇ ಸಿಕ್ಕ ಉತ್ತರವನ್ನು ಬಾಯಲ್ಲಿಟ್ಟುಕೊಂಡಿರುತ್ತದೆ, ಕೇಳಿದೊಡನೆ ಉಗುಳುತ್ತದೆ ಎಂದೆ.

ಆದರೆ ದಿನಾ ಮುಂಜಾನೆ ಮಷೀನಿನ ವೇಗ ಪರೀಕ್ಷೆ ಮಾಡುತ್ತೇನೆ ಎನ್ನುವ ವೀರಯ್ಯನವರಿಗೆ ಈ ನಿಧಾನ ಒಂದು ದಿನವೂ ಕಾಣಲಿಲ್ಲವೇ? ಕೇಳಿದೆ. ಅವರು ಭಾಳ ಶ್ರದ್ಧೆಯಿಂದ ವಿವರಿಸಿದರು. ಮಷೀನ್ ಚಾಲೂ ಮಾಡಿದ ಕೂಡಲೇ ಬಸವರಾಜ ಎಂಬ ಶುಭನಾಮ ಹಾಕಿ ಎಂಟರ್ ಒತ್ತುತ್ತಾರೆ, ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗಲು ಹೋಗುತ್ತಾರೆ. ಆ ಹುಡುಕಾಟ ದೇವರಿಗೆ. ಆಮೇಲೆ ಡಾಕ್ಟರು ಬರುತ್ತಾರೆ. ಅದೇ ಹೆಸರು ಮತ್ತೊಮ್ಮೆ. ಸೊನ್ನೆ. ಡಾಕ್ಟರು ಖುಷ್, ವೀರಯ್ಯ ಖುಷ್.

ನಗು ಬಂತು, ಸಿಟ್ಟೂ ಬಂತು. ವೀರಯ್ಯನವರೊಬ್ಬರನ್ನೇ ಬೈದು ಏನು ಮಾಡುವುದು? ಸಾಹೇಬರು ಬರುವ ದಿನ ಶಾಲೆಯ ನಳಕ್ಕೆ ನೀರು ಬರುತ್ತದೆ. ಬೀಗರು ಬಂದರೆ ಟ್ರಂಕಿನಿಂದ ಹೊಸ ಕೌದಿ ಹೊರಬರುತ್ತದೆ. ನಾವೆಲ್ಲ ತೋರಿಸುವುದು ಎರಡನೆಯ ಸಲದ ಲೆಕ್ಕವನ್ನೇ. ಅವಸರದಲ್ಲಿ ಬಾಗಿಲಿಗೆ ಬಂದವರಿಗೆ ಸಿಗುವುದು ಮಾತ್ರ ಮೊದಲನೆಯದು.

ಪುಸ್ತಕದ ಹಿಂದೆ ಪದಸೂಚಿ ಇರುತ್ತದಲ್ಲ, ಹಾಗೆ ಹೆಸರುಗಳಿಗೊಂದು ಇಂಡೆಕ್ಸ್ ಮಾಡಿಕೊಟ್ಟೆ. ಇನ್ನು ಮೇಲೆ ದಿನಾ ಬೇರೆ ಬೇರೆ ಹೆಸರು ಹಾಕಿ, ಮೊದಲ ಸಲದ ಸೆಕೆಂಡನ್ನೇ ನೋಡಬೇಕೆಂದೆ. ಸಂಜೆಗೆ ಕೂಸಿನ ಮೈ ತಣ್ಣಗಾಗಿ, ತಾಯಿ ಚಿಂಚೋಳಿ ಬಸ್ ಹತ್ತಿದಳು.

ವೀರಯ್ಯನವರ ಮುಖ ಮಾತ್ರ ಸಪ್ಪಗಿತ್ತು. ‘ಮೊದಲ್ನೇದು ದೇವರಿಗಿ ಬಿಡಬೇಕಲ್ರಿ ಬಾಯಾರ?’

ದೇವರಿಗೆ ಏನವಸರ ವೀರಯ್ಯನವರೇ, ಆ ಕೂಸಿನ ಹಿಂದೆ ಸಾಲಿನಲ್ಲಿ ನಿಲ್ಲಲು ಅವನು ಒಲ್ಲೆ ಅಂದಾನೆಯೇ?